ಹೊಡೆದಾಟದ ವಿಡಿಯೊ ಬೇಡ, ಅದರ ಹಿಂದಿನ ವಾರದ ಕತೆ ಹೇಳಿ

ಪ್ರಶ್ನೆ: ನಾನು ಕುಮಟಾ ತಾಲೂಕಿನವನು. ಶಿರಸಿಯಲ್ಲಿ ಪದವಿ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಕಡೆ ಹುಡುಗರ ಹೊಡೆದಾಟ ಜಾಸ್ತಿಯಾಗುತ್ತಿದೆ ಅನ್ನಿಸುತ್ತದೆ. ಕ್ರಿಕೆಟ್ ಟೂರ್ನಮೆಂಟು, ಬಸ್‌ಸ್ಟ್ಯಾಂಡು, ಇನ್‌ಸ್ಟಾಗ್ರಾಮ್ ಕಮೆಂಟು, ಯಾವುದರಿಂದ ಬೇಕಾದರೂ ಶುರುವಾಗುತ್ತದೆ. ಮೊನ್ನೆ ಒಬ್ಬ ಪಿಯು ಹುಡುಗನಿಗೆ ನಾಲ್ಕು ಜನ ಹೊಡೆದ ವಿಡಿಯೊ ಎಲ್ಲರ ಸ್ಟೇಟಸ್‌ನಲ್ಲೂ ಇತ್ತು. ನಾವು ಆರು ಜನ ಸೇರಿ ಒಂದು ಪೇಜ್ ಶುರು ಮಾಡಬೇಕು ಅಂತಿದ್ದೇವೆ. ಇಂಥ ವಿಡಿಯೊಗಳನ್ನು ಮುಖ ಬ್ಲರ್ ಮಾಡಿ ಹಾಕಿ, ಜನರಿಗೆ ತಿಳಿಹೇಳುವ ಯೋಚನೆ. ಜಾತಿ, ಬಡತನದ ವಿಷಯವನ್ನೂ ಮಾತಾಡಬೇಕು. ಹೊಡೆದವರಲ್ಲಿ ಒಬ್ಬ ನಮಗೆ ಪರಿಚಯ, ಮಾತಾಡಲು ಒಪ್ಪಿದ್ದಾನೆ. ಕಾನೂನಿನ ತೊಂದರೆ ಬರುತ್ತದಾ? ನಮ್ಮಂಥವರ ಪೇಜನ್ನು ಯಾರು ನೋಡುತ್ತಾರೆ?

ಉತ್ತರ: ಪೇಜ್ ಖಂಡಿತ ಶುರು ಮಾಡಿ. ಆದರೆ ಆ ವಿಡಿಯೊ ಹಾಕಬೇಡಿ. ಬ್ಲರ್ ಮಾಡಿಯೂ ಬೇಡ, ಎರಡೇ ಸೆಕೆಂಡು ಅಂತಲೂ ಬೇಡ, ‘ಇದನ್ನು ಖಂಡಿಸುತ್ತೇವೆ’ ಅಂತ ಮೇಲೆ ದಪ್ಪಕ್ಷರದಲ್ಲಿ ಬರೆದೂ ಬೇಡ.

ಹೊಡೆದ ಹುಡುಗರು ಅದನ್ನು ಶೂಟ್ ಮಾಡಿಸಿದ್ದೇ ಊರು ನೋಡಲಿ ಅಂತ. ಫೋನ್ ಹಿಡಿದು ನಿಂತ ಐದನೆಯವನೂ ಆ ಹೊಡೆದಾಟದ ಒಳಗಿನವನೇ. ಅವನು ಇಲ್ಲದಿದ್ದರೆ ಎಷ್ಟೋ ಜಗಳ ಎರಡು ಬೈಗುಳಕ್ಕೇ ಮುಗಿದುಹೋಗುತ್ತವೆ. ನೀವು ಏನೇ ಬುದ್ಧಿಮಾತು ಅಂಟಿಸಿ ಅದನ್ನು ಮತ್ತೆ ಹಾಕಿದರೂ ಅವರಿಗೆ ಬೇಕಾದ್ದನ್ನೇ ಕೊಟ್ಟ ಹಾಗಾಯಿತು. ಪೆಟ್ಟು ತಿಂದವನ ಕಡೆಯಿಂದ ನೋಡಿ. ಮೈನೋವು ಒಂದೆರಡು ವಾರದಲ್ಲಿ ಹೋಗುತ್ತದೆ. ಆದರೆ ಕ್ಲಾಸಿನಲ್ಲಿ ಯಾರೋ ಫೋನ್ ನೋಡಿ ನಕ್ಕರೆ ಸಾಕು, ನನ್ನ ವಿಡಿಯೊ ನೋಡಿಯೇ ನಗುತ್ತಿದ್ದಾರೆ ಅಂತ ಅವನಿಗೆ ಅನ್ನಿಸುತ್ತದೆ. ನೀವು ಒಂದು ಸಲ ಹಾಕಿದರೆ ಅವನು ಇನ್ನೊಂದು ಸಲ ಪೆಟ್ಟು ತಿಂದ ಲೆಕ್ಕ.

ಬ್ಲರ್ ಮಾಡಿದರೆ ಗುರುತು ಸಿಗುವುದಿಲ್ಲ ಅಂದುಕೊಂಡಿದ್ದೀರಿ. ಹುಡುಗರಿಗೆ ಕ್ಲಾಸ್ ತೆಗೆದುಕೊಳ್ಳುವಾಗ ನಾನು ಒಂದು ಕೆಲಸ ಮಾಡಿಸುತ್ತೇನೆ, ನೀವೂ ಮಾಡಿ ನೋಡಿ. ಇಂಥ ಒಂದು ವಿಡಿಯೊವನ್ನು ಮೊದಲು ಸೌಂಡ್ ಆಫ್ ಮಾಡಿ ನೋಡಿ. ಮುಖ ಬಿಟ್ಟು ಬೇರೆ ಎಲ್ಲ ನೋಡಿ. ಯೂನಿಫಾರ್ಮ್ ಪ್ಯಾಂಟಿನ ಬಣ್ಣ, ಐಡಿ ಕಾರ್ಡಿನ ಟ್ಯಾಗು, ಹಿಂದೆ ನಿಂತ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಬೈಕಿನ ನಂಬರು. ನಮ್ಮ ಊರುಗಳಲ್ಲಿ ಇಷ್ಟು ಸಾಕು, ಸಂಜೆಯೊಳಗೆ ಹುಡುಗನ ಮನೆ ಯಾವುದು, ತಂದೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಸ್ಕ್ರೀನ್ ಮುಚ್ಚಿ ಸೌಂಡ್ ಮಾತ್ರ ಕೇಳಿ. ಅಡ್ಡಹೆಸರು ಹಿಡಿದು ಯಾರೋ ಕೂಗುತ್ತಾರೆ. ಫೋನ್ ಹಿಡಿದವನು ನಗುವುದು ತೀರಾ ಹತ್ತಿರದಿಂದ ಕೇಳುತ್ತದೆ. ಮತ್ತೆ ಹಿಂದಿನಿಂದ ಎಲ್ಲೋ ಒಂದು ಸಣ್ಣ ದನಿ: ‘ಏ ಸಾಕ್ರಾ, ಬಿಡ್ರಾ.’ ಒಂದೇ ಸಲ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅವನೂ ಮತ್ತೆ ಹೇಳುವುದಿಲ್ಲ.

ಎಲ್ಲ ವಿಡಿಯೊದಲ್ಲೂ ಆ ದನಿ ಇರುವುದಿಲ್ಲ. ಇದ್ದರೆ ನಿಮ್ಮ ಮೊದಲ ಸಂದರ್ಶನ ಅವನದೇ. ಯಾಕೆ ಸಾಕು ಅಂದೆ, ಯಾಕೆ ಒಂದೇ ಸಲ ಅಂದು ಸುಮ್ಮನಾದೆ, ಮನೆಗೆ ಹೋಗಿ ಊಟ ಮಾಡಿದೆಯಾ, ರಾತ್ರಿ ಗ್ರೂಪಿನಲ್ಲಿ ಏನು ಬಂತು? ಹೊಡೆದಾಟದ ಬಗ್ಗೆ ನೀವು ಮಾಡಬಹುದಾದ ಎಲ್ಲದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ನಿಮ್ಮ ಕೇಳುಗರಲ್ಲಿ ಹೆಚ್ಚಿನವರು ಹೊಡೆದವರೂ ಅಲ್ಲ, ಪೆಟ್ಟು ತಿಂದವರೂ ಅಲ್ಲ. ಪಕ್ಕದಲ್ಲಿ ನಿಂತವರು.

ಈಗ ಕಾನೂನು. ಪಿಯು ಹುಡುಗ ಅಂದಿದ್ದೀರಿ. ಅಂದರೆ ಬಹುಶಃ 18 ತುಂಬಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಇಂಥ ಪ್ರಕರಣದಲ್ಲಿ ಮಕ್ಕಳ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಬೇರೆ ಯಾವ ವಿವರವನ್ನೂ ಯಾವ ಮಾಧ್ಯಮದಲ್ಲೂ ಕೊಡುವ ಹಾಗಿಲ್ಲ. ಇದು ಪೆಟ್ಟು ತಿಂದ ಮಗುವಿಗೆ ಮಾತ್ರ ಅಲ್ಲ, ತಪ್ಪು ಮಾಡಿದ ಆರೋಪ ಇರುವ ಮಗುವಿಗೂ ಅನ್ವಯ. ಎಷ್ಟೋ ಜನ ಈ ಎರಡನೆಯದನ್ನು ಮರೆಯುತ್ತಾರೆ. ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಲೈಂಗಿಕ ದೌರ್ಜನ್ಯದ ವಿಷಯವಾದರೆ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿ, ಮನೆಯವರ ವಿವರ, ನೆರೆಹೊರೆ ಸಹ ಹೇಳುವಂತಿಲ್ಲ. 18 ದಾಟಿದವರ ಮೇಲಿನ ಲೈಂಗಿಕ ಅಪರಾಧಕ್ಕೂ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಗುರುತು ಬಯಲು ಮಾಡುವುದು ಅಪರಾಧ. ‘ನಾವು ಮಾಡಿದ್ದಲ್ಲ, ಬಂದದ್ದನ್ನು ಶೇರ್ ಮಾಡಿದ್ದು’ ಅನ್ನುವ ಮಾತು ಠಾಣೆಯಲ್ಲಿ ನಡೆಯುವುದಿಲ್ಲ.

ವಿಡಿಯೊ ಬೇಡ ಅನ್ನುವ ನನ್ನ ಮಾತಿಗೆ ಒಂದು ಮುಖ್ಯವಾದ ಅಪವಾದ ಇದೆ. ಹೊಡೆಯುವವನ ಕೈಯಲ್ಲಿ ಅಧಿಕಾರ ಇದ್ದಾಗ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆ ಮೇಲೆ ಮಂಡಿ ಊರಿ ಕೊಂದದ್ದನ್ನು ಶೂಟ್ ಮಾಡಿದ್ದು ಡಾರ್ನೆಲ್ಲಾ ಫ್ರೇಜಿಯರ್ ಎಂಬ 17 ವರ್ಷದ ಹುಡುಗಿ. ಆ ವಿಡಿಯೊ ಇಲ್ಲದಿದ್ದರೆ ಪೊಲೀಸರ ಮೊದಲ ಹೇಳಿಕೆಯೇ ಕೊನೆಯ ಮಾತಾಗುತ್ತಿತ್ತು. ಮರುವರ್ಷ ಪುಲಿಟ್ಜರ್ ಮಂಡಳಿ ಅವಳಿಗೆ ವಿಶೇಷ ಗೌರವ ಕೊಟ್ಟಿತು. ಹಾಗಾಗಿ ಶೂಟ್ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಕಣ್ಣೆದುರೇ ಹಾಗೇನಾದರೂ ನಡೆದರೆ ಸುರಕ್ಷಿತ ದೂರದಲ್ಲಿ ನಿಂತು ಶೂಟ್ ಮಾಡಿ, ಕಟ್ ಮಾಡಬೇಡಿ, ಹಾಡು ಸೇರಿಸಬೇಡಿ, ಮೂಲ ಫೈಲನ್ನು ಫೋನಿನಿಂದ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಯಾವಾಗ ತೆಗೆದದ್ದು ಅನ್ನುವಂಥ ವಿವರವೂ ಉಳಿಯುವುದಿಲ್ಲ. ಕೋರ್ಟಿಗೆ ಇಂಥ ದಾಖಲೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಮೂಲ ಫೈಲ್ ಇದ್ದರೆ ಒಳ್ಳೆಯದು. ಮೊದಲು ವಕೀಲರೊಬ್ಬರ ಕೈಗೆ ಕೊಡಿ. ಪೋಸ್ಟ್ ಮಾಡಬೇಕಾ ಬೇಡವಾ ಅನ್ನುವುದು ಆಮೇಲಿನ ಮಾತು. ಹುಡುಗರ ಜಗಳದ ವಿಡಿಯೊಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ಇಲ್ಲಿ ಹೊಡೆಯುವವನಿಗೆ ಕ್ಯಾಮೆರಾ ಬೇಡ, ಅಲ್ಲಿ ಅವನಿಗೇ ಬೇಕು.

ಸರಿ, ಹೊಡೆದಾಟವೇ ತೋರಿಸದಿದ್ದರೆ ಮತ್ತೇನು ತೋರಿಸುವುದು? ಅದರ ಹಿಂದಿನ ವಾರ, ಮುಂದಿನ ವಾರ. ನಮ್ಮ ಜಿಲ್ಲೆಯಲ್ಲಿ ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. 2017ರ ಡಿಸೆಂಬರ್. ಆಗ ನೀವು ಪ್ರಾಥಮಿಕ ಶಾಲೆಯಲ್ಲಿ ಇದ್ದಿರಬೇಕು. ಹೊನ್ನಾವರದಲ್ಲಿ ಎರಡು ಕೋಮಿನವರ ನಡುವೆ ಗಲಾಟೆ ಆಯಿತು. ಆ ಹೊತ್ತಿನಲ್ಲಿ ಕಾಣೆಯಾಗಿದ್ದ ಒಬ್ಬ ಯುವಕನ ಶವ ಡಿಸೆಂಬರ್ 8ರಂದು ಕೆರೆಯಲ್ಲಿ ಸಿಕ್ಕಿತು. ಅವನಿಗೆ ಹೀಗೆ ಹಿಂಸೆ ಕೊಟ್ಟರು, ಹಾಗೆ ಕೊಂದರು ಅನ್ನುವ ಮೆಸೇಜುಗಳು ಶವದ ಫೋಟೊ ಜೊತೆ ಫೋನಿಂದ ಫೋನಿಗೆ ಓಡಿದವು. ಮೆಸೇಜಿನಲ್ಲಿ ಹೇಳಿದಂಥ ಹಿಂಸೆಯ ಗುರುತುಗಳಿಲ್ಲ ಅಂತ ವೈದ್ಯರು ಹೇಳಿದ್ದನ್ನು ಪೊಲೀಸರು ಹೊರಗೆ ತಂದರೂ ಅಷ್ಟರಲ್ಲಿ ಅದನ್ನು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕುಮಟಾದಲ್ಲಿ ಪೊಲೀಸ್ ಐಜಿಯ ವಾಹನಕ್ಕೇ ಬೆಂಕಿ ಬಿತ್ತು. ಮರುದಿನ ನಿಮ್ಮ ಶಿರಸಿಯಲ್ಲಿ ಬಂದ್, ಕಲ್ಲು, ಲಾಠಿ. ಪ್ರಕರಣ ಸಿಬಿಐಗೆ ಹೋಯಿತು. ಸುಮಾರು ಐದು ವರ್ಷದ ಮೇಲೆ, 2022ರ ಅಕ್ಟೋಬರ್‌ನಲ್ಲಿ, ಅದು ಆಕಸ್ಮಿಕ ಸಾವು ಅಂತ ಸಿಬಿಐ ಹೊನ್ನಾವರದ ಕೋರ್ಟಿಗೆ ವರದಿ ಕೊಟ್ಟಿತು. ಅದನ್ನು ಒಪ್ಪದವರು ಈಗಲೂ ಇದ್ದಾರೆ. ಆ ವಾದಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ.

ನಾನು ಕೇಳುವುದು ಬೇರೆ. ಬೀದಿಗೆ ಬಂದವರಲ್ಲಿ ಬಹಳಷ್ಟು ಜನ ಹುಡುಗರು. ಎಷ್ಟೋ ಜನರ ಮೇಲೆ ಕೇಸು ಬಿತ್ತು. ಕೇಸು ಇದ್ದವನಿಗೆ ಪಾಸ್‌ಪೋರ್ಟ್ ಮಾಡಿಸಲು, ಸರ್ಕಾರಿ ನೌಕರಿಗೆ ಹೋಗಲು ಏನು ಕಷ್ಟ ಅಂತ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಗಲ್ಫಿಗೋ ಹಡಗಿಗೋ ಹೋಗುವ ಆಸೆ ಇರುವ ಊರುಗಳಿವು. ಆ ವಾರ ಒಬ್ಬ ಹುಡುಗನ ಫೋನಿಗೆ ಯಾವ ಮೆಸೇಜು ಯಾವ ಗಂಟೆಗೆ ಬಂತು, ಅವನು ಯಾರಿಗೆ ಕಳಿಸಿದ, ಮನೆಯಿಂದ ಹೊರಡುವಾಗ ಅಮ್ಮ ಏನಂದಳು, ಕೋರ್ಟಿಗೆ ಅಲೆಯುವಾಗ ಬಸ್ ಖರ್ಚು ಯಾರು ಕೊಟ್ಟರು? ಎರಡೂ ಕಡೆಯ ಮನೆಗಳಲ್ಲಿ ಈ ಕತೆ ಇದೆ. ಅಂಗಡಿ ಮುಚ್ಚಿದವನ ಮನೆಯಲ್ಲೂ ಇದೆ. ಆಗ ಎಲ್ಲರೂ ಬರೆದದ್ದು ಬೆಂಕಿ, ಕಲ್ಲು, ಹೇಳಿಕೆ. ಆ ಮನೆಗಳ ಒಳಗೆ ಏನು ನಡೆಯಿತು ಅಂತ ಕೇಳಿದವರು ಕಡಿಮೆ.

ಅದೇ ಸುಳ್ಳುಸುದ್ದಿ ರೋಗ 2018ರಲ್ಲಿ ದೇಶದ ತುಂಬ ಮಕ್ಕಳ ಕಳ್ಳರ ವದಂತಿಯಾಗಿ ಬಂತು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಮಾಡುವ ಮಿತಿ ಹಾಕುವುದಾಗಿ ಹೇಳಿತು. ಕಂಪನಿ ಮಾಡಿದ್ದು ಅಷ್ಟು. ನಿಮ್ಮ ಆರು ಜನ ಅದಕ್ಕಿಂತ ಜಾಸ್ತಿ ಮಾಡಬಹುದು, ಯಾಕೆಂದರೆ ನಿಮಗೆ ಊರು ಗೊತ್ತು. ಒಂದು ವದಂತಿ ಬಂದ ಮೊದಲ ಐದಾರು ಗಂಟೆಯೇ ಮುಖ್ಯ. ಆಗ ‘ಇದು ಸುಳ್ಳು’ ಅಂತ ಕಿರುಚಬೇಡಿ, ನಿಮಗೂ ಗೊತ್ತಿರುವುದಿಲ್ಲ. ಆ ಊರಿನಲ್ಲಿರುವ ಗೆಳೆಯನಿಗೆ ಫೋನ್ ಮಾಡಿ, ಠಾಣೆಗೆ ಫೋನ್ ಮಾಡಿ, ಗೊತ್ತಾದದ್ದು ಇಷ್ಟು, ಗೊತ್ತಾಗದ್ದು ಇಷ್ಟು, ಇಷ್ಟು ಗಂಟೆಗೆ ಕೇಳಿದ್ದು ಅಂತ ಮೂರು ಸಾಲು ಹಾಕಿ. ಶವದ ಫೋಟೊ, ರಕ್ತದ ಫೋಟೊ ಯಾವತ್ತೂ ಬೇಡ. ಒಂದು ಸಣ್ಣ ಪೇಜು ಊರಿನಲ್ಲಿ ನಂಬಿಕೆ ಗಳಿಸುವುದು ಹೀಗೆಯೇ ಹೊರತು ರೀಲ್ಸಿನಿಂದ ಅಲ್ಲ.

ಹಿಂದಿನ ವಾರ, ಬದುಕಿನ ಕತೆ ಅಂದೆನಲ್ಲ, ಅದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಅಮೆರಿಕದ ಹುಡುಗರು. 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ ಗುಂಡಿಗೆ 17 ಜನ ಸತ್ತರು. ಮುಂದಿನ ಒಂದು ವರ್ಷದಲ್ಲಿ ಆ ದೇಶದಲ್ಲಿ ಗುಂಡೇಟಿಗೆ ಸತ್ತ ಮಕ್ಕಳು, ಹದಿಹರೆಯದವರು ಸುಮಾರು 1,200. ದಿ ಟ್ರೇಸ್ ಎಂಬ ಸುದ್ದಿಸಂಸ್ಥೆಯ ಜೊತೆ ಸೇರಿ 200ಕ್ಕೂ ಹೆಚ್ಚು ಹದಿಹರೆಯದ ವರದಿಗಾರರು ಒಬ್ಬೊಬ್ಬರ ಬಗ್ಗೆಯೂ ಒಂದು ಸಣ್ಣ ಬರಹ ಬರೆದರು. ಹೇಗೆ ಸತ್ತರು ಅನ್ನುವುದಕ್ಕಿಂತ ಹೇಗೆ ಬದುಕಿದ್ದರು ಅನ್ನುವುದಕ್ಕೇ ಒತ್ತು. ಅದಕ್ಕೂ ಮೊದಲೇ, 1992ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಯೂತ್ ರೇಡಿಯೊ ಶುರುವಾದದ್ದು ಇದೇ ಕಾರಣಕ್ಕೆ. ಬೀದಿಯ ಹಿಂಸೆಯ ಬಗ್ಗೆ ದೊಡ್ಡವರೇ ಮಾತಾಡುತ್ತಿದ್ದರು, ಹುಡುಗರು ಸುದ್ದಿಯಲ್ಲಿ ಬರುತ್ತಿದ್ದದ್ದು ಆರೋಪಿಗಳಾಗಿ ಇಲ್ಲವೇ ಹೆಣವಾಗಿ. ಅವರ ಕೈಗೇ ಮೈಕ್ ಕೊಟ್ಟರು. ಅವರ ಬಂದೂಕಿನ ಸಮಸ್ಯೆ ನಮ್ಮದಲ್ಲ. ವಿಧಾನ ಮಾತ್ರ ನಮಗೂ ಆಗುತ್ತದೆ.

ಮೈಕ್ ಅಂದ ಮೇಲೆ ಇದನ್ನೂ ಹೇಳುತ್ತೇನೆ. ವಿಡಿಯೊ ಬಿಟ್ಟು ಆಡಿಯೊ ಮಾಡಿ. ನಾನು ಯಾರಿಗಾದರೂ ಇದನ್ನೇ ಹೇಳುವುದು. ಹುಡುಗರಿಗೆ ಮೊದಮೊದಲು ಬೇಜಾರು, ರೀಲ್ಸ್ ಮಾಡಲು ಬಂದವರಲ್ವಾ. ಆದರೆ ಕ್ಯಾಮೆರಾ ಇಟ್ಟ ಕೂಡಲೇ ನಮ್ಮ ಜನ ಭಾಷಣ ಶುರು ಮಾಡುತ್ತಾರೆ. ಬರೀ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು ಮಾತಾಡಿಸಿದರೆ ಹತ್ತು ನಿಮಿಷಕ್ಕೆ ಅದನ್ನು ಮರೆಯುತ್ತಾರೆ. ಮುಖ ಇಲ್ಲದ್ದರಿಂದ ಗುರುತಿನ ತಲೆಬಿಸಿ ಅರ್ಧ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಜಿಲ್ಲೆಯ ಮಾತುಗಳಿವೆ. ಕಾರವಾರದ ಕೊಂಕಣಿ, ಭಟ್ಕಳದ ನವಾಯತಿ, ಅಂಕೋಲಾದ ಹಾಲಕ್ಕಿ ಕನ್ನಡ, ಘಟ್ಟದ ಮೇಲಿನ ಹವ್ಯಕ, ಯಲ್ಲಾಪುರ-ಹಳಿಯಾಳದ, ಆಫ್ರಿಕಾ ಮೂಲದ ಸಿದ್ದಿಗಳ ಕೊಂಕಣಿ. ನೋವನ್ನು ಯಾರೂ ಪಠ್ಯಪುಸ್ತಕದ ಕನ್ನಡದಲ್ಲಿ ಹೇಳುವುದಿಲ್ಲ. ಹೇಳಿದಂತೆಯೇ ಬಿಡಿ, ಬೇಕಾದರೆ ನಡುನಡುವೆ ನೀವು ಕನ್ನಡದಲ್ಲಿ ಸಾರ ಹೇಳಿ.

ರೆಕಾರ್ಡಿಂಗಿಗೆ ಸ್ಟುಡಿಯೊ ಬೇಡ. ಫೋನು ಬಾಯಿಂದ ಒಂದು ಗೇಣು ದೂರ ಇರಲಿ, ಸ್ವಲ್ಪ ಓರೆಯಾಗಿ, ಉಸಿರು ನೇರ ಬೀಳದ ಹಾಗೆ. ಫ್ಯಾನ್ ಆಫ್ ಮಾಡಿ. ಕಂಬಳಿ, ಹಾಸಿಗೆ ಇರುವ ಕೋಣೆ ಒಳ್ಳೆಯದು, ಖಾಲಿ ಕ್ಲಾಸ್‌ರೂಮ್ ಕೆಟ್ಟದ್ದು, ಗೋಡೆಯಿಂದ ಗೋಡೆಗೆ ಮಾರ್ದನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಪ್ರಯತ್ನವನ್ನೇ ಮಾಡಬೇಡಿ. ನಿಲ್ಲಿಸಿದ ಕಾರಿನ ಒಳಗೆ ಕೂತು ಗ್ಲಾಸ್ ಏರಿಸಿದರೂ ಆ ಮಳೆ ಕೇಳುತ್ತದೆ. ಮಾತು ಮುಗಿದ ಮೇಲೆ ಅರ್ಧ ನಿಮಿಷ ಸುಮ್ನೆ ಕೋಣೆಯ ಸದ್ದನ್ನೂ ರೆಕಾರ್ಡ್ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ತೇಪೆ ಹಾಕಲು ಬೇಕಾಗುತ್ತದೆ.

ಹೆಸರು ಮುಚ್ಚಿಡಬೇಕಾದವರ ದನಿಯನ್ನು ಆ್ಯಪಿನಲ್ಲಿ ದಪ್ಪ ಮಾಡಿ ಹಾಕುತ್ತಾರಲ್ಲ, ಅದನ್ನು ನಂಬಬೇಡಿ. ಅದನ್ನು ತಿರುಗಿ ಸರಿ ಮಾಡಬಹುದು. ಮಾಡದಿದ್ದರೂ ಮಾತಿನ ಧಾಟಿಯಿಂದಲೇ ಊರಿನವರು ಹಿಡಿಯುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಂಡು, ಅವರಿಗೆ ಓದಿ ಹೇಳಿ, ಬೇರೆಯವರ ದನಿಯಲ್ಲಿ ಓದಿಸುವುದು ವಾಸಿ. ಒಪ್ಪಿಗೆಯನ್ನು ಎರಡು ಸಲ ಕೇಳಿ: ರೆಕಾರ್ಡ್ ಮಾಡುವ ಮೊದಲು, ಎಡಿಟ್ ಮಾಡಿ ಕೇಳಿಸಿದ ಮೇಲೆ. ಎರಡನೇ ಸಲ ಬೇಡ ಅಂದರೆ ಬೇಡ. 18ರ ಕೆಳಗಿನವರಾದರೆ ಮನೆಯವರೂ ಒಪ್ಪಬೇಕು.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೀಗೆ ಕೂತು ಕೇಳಲು ಶುರು ಮಾಡಿದರೆ ನೀವು ನಿರೀಕ್ಷೆ ಮಾಡದ ಮಾತುಗಳೂ ಹೊರಗೆ ಬರುತ್ತವೆ. ಪೆಟ್ಟಿನ ವಿಷಯ ಕೇಳಲು ಹೋದರೆ ಮಗು ತನ್ನ ಮೇಲೆ ಆದ ಲೈಂಗಿಕ ದೌರ್ಜನ್ಯ ಹೇಳಬಹುದು. ‘ಯಾರಿಗೂ ಹೇಳಲ್ಲ’ ಅಂತ ಮೊದಲೇ ಮಾತು ಕೊಡಬೇಡಿ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. 18 ದಾಟಿದ ನಿಮ್ಮಂಥವರು ತಿಳಿಸದಿದ್ದರೆ ಅದೇ ಒಂದು ಅಪರಾಧ. ರೆಕಾರ್ಡಿಂಗ್ ನಿಲ್ಲಿಸಿ, ಪ್ರಶ್ನೆ ಮೇಲೆ ಪ್ರಶ್ನೆ ಕೇಳಬೇಡಿ, ನಂಬುತ್ತೇನೆ ಅಂತ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಸಾಯುವ ಮಾತು ಬಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416. ಕಾಲೇಜಿನ ರ‍್ಯಾಗಿಂಗ್ ಆದರೆ 1800-180-5522. ಈ ನಂಬರುಗಳು ಆರು ಜನರ ಫೋನಿನಲ್ಲೂ ಇರಲಿ. ಆಮೇಲೆ ಅದರ ಬಗ್ಗೆ ಕಾರ್ಯಕ್ರಮ ಮಾಡುವ ಯೋಚನೆ ಬಿಟ್ಟುಬಿಡಿ.

ಹೊಡೆದ ಹುಡುಗ ಮಾತಾಡಲು ಒಪ್ಪಿದ್ದಾನೆ ಅಂದಿರಿ. ಆತುರ ಬೇಡ. ಅವನ ವಯಸ್ಸು ಎಷ್ಟು? ಎಫ್‌ಐಆರ್ ಆಗಿದೆಯಾ? ಆಗಿದ್ದರೆ ಅವನು ನಿಮ್ಮ ಮುಂದೆ ಹೇಳಿದ ಒಂದೊಂದು ಮಾತೂ ನಾಳೆ ಅವನ ವಿರುದ್ಧ ತಿರುಗಬಹುದು, ವಕೀಲರನ್ನು ಕೇಳದೆ ಕೂರಿಸಬೇಡಿ. ಇನ್ನೂ ಮೊದಲು ಮಾಡಬೇಕಾದ್ದು ಪೆಟ್ಟು ತಿಂದ ಹುಡುಗನ ಮನೆಗೆ ಹೋಗುವುದು. ಅವನಿಗೆ ಇದು ಬೇಡ ಅಂದರೆ ವಿಷಯ ಅಲ್ಲಿಗೆ ಮುಗಿಯಿತು. ಅವನ ನೋವಿನ ಮೇಲೆ ಇನ್ನೊಬ್ಬನ ಪಶ್ಚಾತ್ತಾಪದ ಕಾರ್ಯಕ್ರಮ ಮಾಡಲು ನಿಮಗೆ ಹಕ್ಕಿಲ್ಲ. ಎಲ್ಲ ಸರಿಹೋಗಿ ಮಾತಾಡಿಸಿದರೂ ಹೊಡೆದದ್ದನ್ನು ವರ್ಣನೆ ಮಾಡಿಸಬೇಡಿ. ಅಲ್ಲಿ ಅವನ ದನಿಯಲ್ಲಿ ಜಂಬ ಬಂದೇ ಬರುತ್ತದೆ, ಅವನಿಗೇ ಗೊತ್ತಾಗದೆ. ‘ಯಾಕೆ ಹೊಡೆದೆ?’ ಅಂತ ಕೇಳಿದರೆ ಸಿಗುವುದು ಸಮರ್ಥನೆ. ‘ಅದರ ಹಿಂದಿನ ದಿನ ಏನಾಗಿತ್ತು? ನೀನು ಹೋಗದಿದ್ದರೆ ಗೆಳೆಯರು ಏನನ್ನುತ್ತಿದ್ದರು?’ ಅಂತ ಕೇಳಿದರೆ ನಿಜ ಹತ್ತಿರ ಬರುತ್ತದೆ. ಬಹಳ ಸಲ ಉತ್ತರ ಸಿಟ್ಟಲ್ಲ, ಗೆಳೆಯರ ಎದುರು ಹೆದರುಪುಕ್ಕ ಅನ್ನಿಸಿಕೊಳ್ಳುವ ಭಯ.

ಜಾತಿ, ಬಡತನದ ಬಗ್ಗೆಯೂ ಮಾತಾಡಬೇಕು ಅಂದಿದ್ದು ಸರಿಯಾಗಿದೆ, ಆದರೆ ಬೇರೆ ಕಂತಾಗಿ ಅಲ್ಲ. ಅದು ಹೊಡೆದಾಟದ ಒಳಗೇ ಇರುತ್ತದೆ. ನಾಲ್ಕು ಜನ ಸೇರಿ ಒಬ್ಬ ದಲಿತ ಅಥವಾ ಸಿದ್ದಿ ಹುಡುಗನಿಗೆ ಅವನ ಜಾತಿ ಎತ್ತಿ ಬೈದು ಹೊಡೆದರೆ ಅದು ‘ಹುಡುಗರ ಜಗಳ’ ಅಲ್ಲ, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ ಬರುವ ವಿಷಯ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಿಂದ ಪರಿಶಿಷ್ಟ ಪಂಗಡದ ಸ್ಥಾನ ಇದೆ. ಹಾಗಿದ್ದೂ ನಮ್ಮ ಮಾಧ್ಯಮಗಳಲ್ಲಿ ಸಿದ್ದಿ ಹುಡುಗ ಕಾಣುವುದು ಒಂದೋ ಕುಣಿಯುವಾಗ, ಇಲ್ಲ ಓಡುವಾಗ. ಕೂದಲು, ಬಣ್ಣ ಹಿಡಿದು ಬಸ್ಸಿನಲ್ಲಿ ಕೇಳಿಸಿಕೊಳ್ಳುವ ಮಾತು ಎಲ್ಲೂ ಬರುವುದಿಲ್ಲ. ನಿಮ್ಮ ಆರು ಜನರಲ್ಲಿ ಯಾರಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ. ಆರೂ ಜನ ಒಂದೇ ಜಾತಿಯ, ಒಂದೇ ಧರ್ಮದ ಗಂಡುಹುಡುಗರಾದರೆ ಪೇಜ್ ಶುರು ಮಾಡುವ ಮೊದಲೇ ಇನ್ನು ಮೂರು ಜನರನ್ನು ಸೇರಿಸಿಕೊಳ್ಳಿ. ಹೆಣ್ಣುಮಕ್ಕಳು ಇಲ್ಲದೆ ಹಿಂಸೆಯ ಬಗ್ಗೆ ಮಾತಾಡಿದರೆ ಅರ್ಧ ಹಿಂಸೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಫೋಟೊ ಮಾರ್ಫ್ ಮಾಡಿ ಹಾಕುತ್ತೇನೆ ಅನ್ನುವ ಬೆದರಿಕೆ ಯಾವ ವಿಡಿಯೊದಲ್ಲಿ ಕಾಣುತ್ತದೆ ಹೇಳಿ?

ಕೆಲವು ಜಗಳದ ಬೇರು ತೀರಾ ಸಾದಾ ಇರುತ್ತದೆ. ಘಟ್ಟ ಹತ್ತುವ ಸಂಜೆಯ ಬಸ್ ಅಂತಿಟ್ಟುಕೊಳ್ಳಿ. ಕಾಲೇಜು ಬಿಟ್ಟ ಮೇಲೆ ಇರುವುದು ಒಂದೇ ಬಸ್ಸು, ಮೂರು ಊರಿನ ಹುಡುಗರು, ಬಾಗಿಲಲ್ಲಿ ನೇತಾಡುವ ಜನ. ಯಾರದೋ ಬ್ಯಾಗ್ ಯಾರಿಗೋ ತಾಗುತ್ತದೆ, ಹುಡುಗಿಯರಿಗೆ ಕಾಲಿಡಲು ಜಾಗ ಇಲ್ಲ, ‘ಫ್ರೀ ಬಸ್ಸಿನವರು’ ಅನ್ನುವ ಕೊಂಕು. ವಾರಕ್ಕೆ ಒಂದು ಜಗಳ ಅಲ್ಲಿ ಆಗಲೇಬೇಕು. ಇದನ್ನು ಸಂಸ್ಕಾರ ಕೆಟ್ಟಿದೆ ಅಂತ ಹಿರಿಯರು ಬೈಯುತ್ತಾರೆ. ನೀವು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ವಾಯವ್ಯ ಸಾರಿಗೆ ಸಂಸ್ಥೆಗೆ ಒಂದು ಅರ್ಜಿ ಹಾಕಿ: ಈ ಮಾರ್ಗದಲ್ಲಿ ಸಂಜೆ 4ರಿಂದ 6ರವರೆಗೆ ಎಷ್ಟು ಬಸ್ಸು, ಎಷ್ಟು ವಿದ್ಯಾರ್ಥಿ ಪಾಸು, ಕಳೆದ ವರ್ಷ ಎಷ್ಟು ಟ್ರಿಪ್ ರದ್ದಾಯಿತು? 30 ದಿನದಲ್ಲಿ ಉತ್ತರ ಕೊಡಬೇಕು. ಆ ಕಾಗದ ಕೈಯಲ್ಲಿ ಹಿಡಿದು ಮಾಡಿದ ಹತ್ತು ನಿಮಿಷದ ಆಡಿಯೊಗೆ ಇರುವ ತೂಕ ನೂರು ಭಾಷಣಕ್ಕೆ ಇಲ್ಲ. ಅದರ ಕೊನೆಗೆ ಇನ್ನೊಂದು ಬಸ್ಸು ಬಂದರೂ ಬರಬಹುದು.

ಯಾರು ನೋಡುತ್ತಾರೆ ಅಂತ ಕೇಳಿದ್ದೀರಿ. ಲಕ್ಷ ಜನ ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ. ನಿಮ್ಮ ಕಾಲೇಜು, ನಿಮ್ಮ ಬಸ್ಸು, ನಿಮ್ಮ ಟೂರ್ನಮೆಂಟಿನ ಮುನ್ನೂರು ಜನ ಕೇಳಿದರೆ ಕೆಲಸ ಆಯಿತು. ನೀವು ಈಗ ಓದುತ್ತಿರುವ ತಾಲೂಕಿನಲ್ಲೇ 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ತಬ್ಬಿ ನಿಂತರು. ಅಪ್ಪಿಕೋ ಚಳವಳಿಯ ಶುರುವಿನಲ್ಲಿ ಇದ್ದದ್ದು ಊರಿನ ಯುವಕರೇ. ಅದು ಊರಿಂದ ಊರಿಗೆ ಹಬ್ಬಿದ್ದು ಪಾದಯಾತ್ರೆ, ಸ್ಲೈಡ್ ಶೋ, ಬೀದಿನಾಟಕ, ಜನಪದ ಕುಣಿತದಿಂದ. ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ನಾವು ಹಾಡಿಗಾಗಿ ನೆನೆಯುತ್ತೇವೆ, 2017ರಲ್ಲಿ ಪದ್ಮಶ್ರೀಯೂ ಬಂತು. ಆದರೆ ಅವರು ಊರಿನ ಹೆಂಗಸರನ್ನು ಸೇರಿಸಿ ಸಾರಾಯಿ ವಿರುದ್ಧ ನಿಂತದ್ದೂ ಅಷ್ಟೇ ದೊಡ್ಡದು. ಇವರ್ಯಾರೂ ಫಾಲೋವರ್ಸ್ ಎಣಿಸಲಿಲ್ಲ. ಎದುರಿಗೆ ಕೂತವರ ಹೆಸರು ಅವರಿಗೆ ಗೊತ್ತಿತ್ತು.

ಹಾಗಾಗಿ ಆಡಿಯೊವನ್ನು ಪೇಜಿನಲ್ಲಿ ಹಾಕಿ ಕಾಯುತ್ತಾ ಕೂರಬೇಡಿ, ಜನ ಇರುವಲ್ಲಿಗೆ ಒಯ್ಯಿರಿ. ಟೂರ್ನಮೆಂಟಿನ ಫೈನಲ್ ಮೊದಲು ಮೈಕ್ ಹೇಗೂ ಇರುತ್ತದೆ, ಐದು ನಿಮಿಷ ಕೇಳಿಸಿ. ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಕೇಳಿಸಿ. ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ. ಎಷ್ಟೋ ಕಡೆ ಅದು ಫೋಟೊ ತೆಗೆದು ಬಿಸ್ಕೀಟು ಹಂಚಿ ಮುಗಿಯುತ್ತದೆ. ಅಲ್ಲಿ ಬಸ್ಸಿನ ಆಡಿಯೊ ಕೇಳಿಸಿ, ಪಿಡಿಒ ಎದುರೇ ಮಕ್ಕಳು ಮಾತಾಡಲಿ, ನಡಾವಳಿಯಲ್ಲಿ ಬರೆಸಿ. ಕಾರವಾರದಲ್ಲಿ ಆಕಾಶವಾಣಿ ಇದೆ, ಯುವಜನರ ಕಾರ್ಯಕ್ರಮಕ್ಕೆ ಒಂದು ಪತ್ರ ಬರೆಯಲು ಏನು ಕಷ್ಟ?

ಪೇಜಿನ ಕಡೆ ಒಂದಿಷ್ಟು ಜಾಗ್ರತೆ ಬೇಕು. ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ, ಒಬ್ಬರ ಹತ್ತಿರ ಬೇಡ. ಕಮೆಂಟ್ ನೋಡಿಕೊಳ್ಳಲು ಆಗದ ದಿನ ಮುಚ್ಚಿಡಿ, ನಿಮ್ಮ ಪೇಜಿನ ಕೆಳಗೇ ಮುಂದಿನ ಜಗಳ ಶುರುವಾಗಬಾರದು. ಬೆದರಿಕೆ ಬಂದರೆ ಉತ್ತರ ಕೊಡದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಹತ್ತಿರದ ಠಾಣೆಗೋ ಸೈಬರ್ ಅಪರಾಧ ನೋಡುವ ಕಾರವಾರದ ಸಿಇಎನ್ ಠಾಣೆಗೋ ಕೊಡಿ. ಯಾರ ಹೆಸರನ್ನಾದರೂ ಹೇಳಿ ಆರೋಪ ಮಾಡುವ ಮೊದಲು ಅವರನ್ನೇ ಕೇಳಿ, ಉತ್ತರ ಸೇರಿಸಿ. ಮಾನನಷ್ಟ ಕೇಸು ಹಾಕುವವರು ಸಣ್ಣ ಪೇಜು ಅಂತ ಬಿಡುವುದಿಲ್ಲ.

ಪ್ರಿನ್ಸಿಪಾಲರ ಹತ್ತಿರ ಹೋಗುವಾಗ ‘ಚಾನೆಲ್ ಮಾಡುತ್ತೇವೆ, ಪರ್ಮಿಷನ್ ಕೊಡಿ’ ಅಂತ ಕೇಳಬೇಡಿ. ಅವರಿಗೆ ಭಯವಾಗುತ್ತದೆ, ಇಲ್ಲ ಅಂದುಬಿಡುತ್ತಾರೆ. ಶನಿವಾರ ಮಧ್ಯಾಹ್ನ ಒಂದು ತಾಸು ಹಾಲ್ ಕೊಡಿ, ನಾವು ಹತ್ತು ನಿಮಿಷದ ಆಡಿಯೊ ಕೇಳಿಸಿ ಚರ್ಚೆ ಮಾಡುತ್ತೇವೆ, ಯಾರ ಹೆಸರೂ ಬರುವುದಿಲ್ಲ, ಎನ್‌ಎಸ್‌ಎಸ್ ಅಧಿಕಾರಿ ಕೂತಿರಲಿ ಅಂತ ಒಂದು ಪುಟ ಬರೆದುಕೊಡಿ. ಬಸ್ಸಿನ ಕಂತನ್ನು ಮೊದಲು ಮಾಡಿ. ಹೊಡೆದಾಟದ ಕಂತು ಆಮೇಲೆ ಇರಲಿ. ‘ಸಾಕ್ರಾ, ಬಿಡ್ರಾ’ ಅಂದವನು ಅಷ್ಟರಲ್ಲಿ ತಾನಾಗಿಯೇ ನಿಮ್ಮನ್ನು ಹುಡುಕಿಕೊಂಡು ಬರದಿದ್ದರೆ, ಅವನ ಗೆಳೆಯರ ಮೂಲಕ ಹೇಳಿ ಕಳಿಸಿ, ನೇರ ಮನೆಗೆ ಹೋಗಿ ನಿಲ್ಲಬೇಡಿ.